ಪರೀಕ್ಷೆಯಲ್ಲಿ ಕೈಕೊಡುವ ಕ್ರಿಯಾಪದ: ಬಿಲೈ

ಡೊಂಬಿವಲಿ, ಮಾಟುಂಗಾ ಕಡೆ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನಮ್ಮ ಮಕ್ಕಳಿಗೆ ಒಂದು ಮಾತು. ಬಿ-ಇ-ಎಲ್-ಐ-ಇ ಕಂಡ ಕೂಡಲೇ ಅವಸರದಲ್ಲಿ 'ಬಿಲೀವ್' ಎಂದು ಓದಿಬಿಡಬೇಡಿ. ಇದು 'ಬಿಲೈ'. ತೋರಿಕೆ ನಿಜವನ್ನು ಮರೆಮಾಚಿದಾಗ ಬಳಸುವುದು. 'ಹರ್ ಸ್ಮೈಲ್ ಬಿಲೈಡ್ ಹರ್ ಫಿಯರ್' ಅಂದರೆ ನಗು ಭಯವನ್ನು ಮುಚ್ಚಿಟ್ಟಿತು. 'ಬಯಲು ಮಾಡಿತು' ಎಂದು ಗುರುತು ಹಾಕಿದಿರೋ, ಅರ್ಥ ಪೂರ್ತಿ ಉಲ್ಟಾ. ಅದಕ್ಕೆ 'ಬಿಟ್ರೇ' ಬೇರೆಯೇ ಇದೆ.

ಪತ್ರಿಕೆಗಳಲ್ಲಿ ಇನ್ನೊಂದು ಬಳಕೆ ಸಿಗುತ್ತದೆ: ನಿರೀಕ್ಷೆ ಸುಳ್ಳಾಯಿತು ಎನ್ನಲು. ಜೋರು ಮಳೆಯ ಮುನ್ಸೂಚನೆ ಇದ್ದ ದಿನ ದಾದರ್‌ನಲ್ಲಿ ಕೊಡೆಯನ್ನೇ ಬಿಚ್ಚಬೇಕಾಗಲಿಲ್ಲ ಅನ್ನಿ, ಆಗಲೂ ಬಿಲೈಡ್.

ಕರ್ತೃ ಹೆಚ್ಚಾಗಿ ಮನುಷ್ಯನಲ್ಲ. ಅವನ ನಗು, ದನಿ, ವಯಸ್ಸು. 'ನನಗೆ ಸುಳ್ಳು ಹೇಳಿದ' ಎನ್ನಲು ಇದು ಬೇಡ, 'ಲೈಡ್ ಟು ಮಿ' ಸಾಕು.