ನಡುವಯಸ್ಸಿನಲ್ಲಿ ನೆಲೆ ಬಿಟ್ಟು ಲೋಕಸಂಚಾರಕ್ಕೆ ಹೊರಡುವವರಿಗೆ

ನಲವತ್ತೈದು ದಾಟಿದ ಮೇಲೆ ಕೆಲಸ, ಮನೆ ಎರಡನ್ನೂ ಬಿಟ್ಟು ಪ್ರಪಂಚ ನೋಡಲು ಹೊರಡಬೇಕೆಂದು ನಿಶ್ಚಯಿಸಿದವರು ಮೊದಲು ಭೂಪಟವನ್ನು ಹರಡಿಕೊಂಡು ಕೂರುತ್ತಾರೆ. ನಾನೂ ಹಾಗೆಯೇ ಮಾಡಿ ಕೆಲವು ತಿಂಗಳು ಕಳೆದೆ. ದಾರಿಯನ್ನು ಹೋಗುತ್ತಾ ಬದಲಿಸಿಕೊಳ್ಳಬಹುದು. ಮಾರಿದ ಮನೆ ಮರಳಿ ಕೈಗೆ ಬರುವುದಿಲ್ಲ. ಆದ್ದರಿಂದ ಇಡೀ ಸಿದ್ಧತೆಯನ್ನು ಒಂದೇ ಕ್ರಮದಲ್ಲಿ ನಡೆಸಿರಿ: ಹಿಂದೆಗೆದುಕೊಳ್ಳಬಹುದಾದ ನಿರ್ಧಾರಗಳು ಮೊದಲು, ಹಿಂದೆಗೆದುಕೊಳ್ಳಲಾಗದವು ಎಲ್ಲಕ್ಕಿಂತ ಕೊನೆಗೆ.

ಕೆಲಸದಲ್ಲಿರುವಾಗಲೇ ಸಾಧ್ಯವಾದಷ್ಟು ದೀರ್ಘ ರಜೆ ಪಡೆದು, ಒಂದು ತಿಂಗಳಾದರೂ ಪರಿಚಯವಿಲ್ಲದ ಒಂದೇ ಊರಿನಲ್ಲಿ ಬಾಡಿಗೆ ಕೋಣೆ ಹಿಡಿದು ಬದುಕಿ ನೋಡಿರಿ. ಪ್ರೇಕ್ಷಣೀಯ ಸ್ಥಳಗಳನ್ನು ಸುತ್ತುವುದು ಇಲ್ಲಿನ ಉದ್ದೇಶವಲ್ಲ. ಬಟ್ಟೆ ಒಗೆಯುವುದು, ಅಡುಗೆ ಮಾಡುವುದು, ಜ್ವರ ಬಂದರೆ ವೈದ್ಯರನ್ನು ಹುಡುಕುವುದು, ಮಾತನಾಡಲು ಯಾರೂ ಇಲ್ಲದ ಸಂಜೆಯನ್ನು ಕಳೆಯುವುದು, ಇವೆಲ್ಲ ನಿಮಗೆ ಒಗ್ಗುತ್ತವೆಯೇ ಎಂಬುದನ್ನು ತಿಳಿಯಬೇಕು. ದಂಪತಿಯಾಗಿ ಹೊರಡುವವರಿಗಂತೂ ಈ ಪರೀಕ್ಷೆ ಅನಿವಾರ್ಯ. ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ಜೊತೆಗಿದ್ದು ರೂಢಿಯಾದ ಇಬ್ಬರು ಇಡೀ ದಿನ ಒಂದೇ ಕೋಣೆಯಲ್ಲಿರಬೇಕಾಗುತ್ತದೆ. ವಾರಕ್ಕೊಮ್ಮೆ ಅರ್ಧ ದಿನ ಬೇರೆ ಬೇರೆಯಾಗಿ ಸುತ್ತುವ ಪರಿಪಾಠವನ್ನು ಆಗಲೇ ಹಾಕಿಕೊಂಡರೆ ಮುಂದೆ ಅನುಕೂಲವಾಗುತ್ತದೆ.

ಹಣದ ವಿಚಾರದಲ್ಲಿ ಹಲವರು ನೆಚ್ಚಿಕೊಳ್ಳುವುದು ಶೇಕಡಾ 4ರ ಸೂತ್ರವನ್ನು. ಮೊದಲ ವರ್ಷ ಉಳಿತಾಯದ ಶೇಕಡಾ 4ರಷ್ಟನ್ನು ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಆ ಮೊತ್ತವನ್ನು ಹೆಚ್ಚಿಸುತ್ತ ಹೋದರೆ ಗಂಟು ಕರಗಿಹೋಗದು ಎಂಬ ಈ ಲೆಕ್ಕವನ್ನು 1994ರಲ್ಲಿ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಮುಂದಿಟ್ಟದ್ದು ಅಮೆರಿಕದ ಷೇರು ಮತ್ತು ಬಾಂಡ್‌ಗಳ ಹಿಂದಿನ ಅಂಕಿಗಳ ಆಧಾರದ ಮೇಲೆ, ಸುಮಾರು 30 ವರ್ಷಗಳ ನಿವೃತ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು. 48ನೆಯ ವಯಸ್ಸಿಗೆ ದುಡಿಮೆ ನಿಲ್ಲಿಸುವವರ ಮುಂದೆ 40 ವರ್ಷಗಳೂ ಇರಬಹುದಾದ್ದರಿಂದ, ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಲೆಕ್ಕ ಹಾಕುವುದು ಕ್ಷೇಮ. ಅದಕ್ಕಿಂತಲೂ ಮುಖ್ಯವಾದದ್ದು, ಹೊರಟ ಮೊದಲ ಒಂದೆರಡು ವರ್ಷಗಳಲ್ಲೇ ಮಾರುಕಟ್ಟೆ ಕುಸಿದರೆ ಇಳಿದ ಬೆಲೆಗೆ ಷೇರು ಮಾರಿ ಖರ್ಚು ನಡೆಸಬೇಕಾಗುತ್ತದೆ, ಆ ಪೆಟ್ಟಿನಿಂದ ಉಳಿತಾಯ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಎರಡು ವರ್ಷಗಳ ಖರ್ಚನ್ನು ಷೇರಿನಿಂದ ಹೊರಗೆ, ಠೇವಣಿಯಲ್ಲಿಟ್ಟು ಹೊರಡಿರಿ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಆ ದಿನವೇ ಹಿಂದಿರುಗಲು ಬೇಕಾದ ಟಿಕೆಟ್ಟಿನ ಹಣವನ್ನು ಪ್ರತ್ಯೇಕವಾಗಿಟ್ಟು, ಅದನ್ನು ಮುಟ್ಟಬೇಡಿರಿ.

ಮನೆಯನ್ನು ಮೊದಲ ವರ್ಷ ಬಾಡಿಗೆಗೆ ಕೊಡಿರಿ, ಮಾರಬೇಡಿರಿ. ಸಾಮಾನುಗಳನ್ನು ವಿಲೇವಾರಿ ಮಾಡುವಾಗ ದೊಡ್ಡ ಪೀಠೋಪಕರಣಗಳಿಂದ ಆರಂಭಿಸಿರಿ, ಅವುಗಳ ಬಗ್ಗೆ ಮಮತೆ ಕಡಿಮೆ. ನನ್ನನ್ನು ತಡೆದು ನಿಲ್ಲಿಸಿದ್ದು ಅಟ್ಟದ ಮೇಲಿದ್ದ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಮಕ್ಕಳ ಮೊದಲ ಕಾಪಿ ಪುಸ್ತಕಗಳು, ಒಂದು ಕಾಲಿಗೆ ದಾರ ಸುತ್ತಿದ್ದ ನನ್ನ ತಂದೆಯ ಕನ್ನಡಕ, ಯಾವ ಬೀಗದ್ದೆಂದು ತಿಳಿಯದ ಮೂರು ಕೀಲಿಕೈಗಳು ಇದ್ದವು. ಒಂದು ಇಡೀ ಭಾನುವಾರ ಆ ಪೆಟ್ಟಿಗೆಯ ಮುಂದೆ ಕುಳಿತಿದ್ದೆ. ಅಂಥ ಒಂದು ಪೆಟ್ಟಿಗೆಯನ್ನು ಏನನ್ನೂ ಆರಿಸದೆ ಹಾಗೆಯೇ ನಂಬಿಕೆಯವರ ಮನೆಯಲ್ಲಿ ಇಟ್ಟುಬಿಡಿರಿ.

ಕಾಗದಪತ್ರಗಳ ಕೆಲಸ ಬೇಸರದ್ದಾದರೂ ಅದನ್ನು ಅರೆಬರೆ ಮಾಡಬಾರದು. ಉಯಿಲು ಬರೆಸಿರಿ, ಬ್ಯಾಂಕು, ತೆರಿಗೆ ಮತ್ತು ಬಾಡಿಗೆಯ ವ್ಯವಹಾರಗಳನ್ನು ನೋಡಿಕೊಳ್ಳಲು ಒಬ್ಬರಿಗೆ ಅಧಿಕಾರಪತ್ರ ಮಾಡಿಕೊಡಿರಿ. ಹಳೆಯ ಮೊಬೈಲ್ ಸಂಖ್ಯೆ ಎಷ್ಟು ಮುಖ್ಯವೆಂಬುದು ನನಗೆ ಪೆಟ್ಟು ತಿಂದ ಮೇಲೆ ಅರ್ಥವಾಯಿತು. ರೀಚಾರ್ಜ್ ಮಾಡಿಸದೆ ಆ ಸಂಖ್ಯೆ ಸ್ಥಗಿತಗೊಂಡಿತ್ತು. ಎಟಿಎಂ ಕಾರ್ಡ್ ಕಳೆದ ದಿನ ಒಟಿಪಿ ಬರಲೇ ಇಲ್ಲ, ಹೊಸ ಕಾರ್ಡನ್ನು ನೋಂದಾಯಿತ ವಿಳಾಸಕ್ಕೆ ಮಾತ್ರ ಕಳುಹಿಸುತ್ತೇವೆಂದು ಬ್ಯಾಂಕಿನವರು ಹೇಳಿದರು. ಅಂದಿನಿಂದ ಎರಡು ಬೇರೆ ಬೇರೆ ಬ್ಯಾಂಕುಗಳ ಕಾರ್ಡುಗಳನ್ನು ಎರಡು ಬೇರೆ ಬೇರೆ ಚೀಲಗಳಲ್ಲಿ ಇಡುತ್ತೇನೆ.

ಅನೇಕ ದೇಶಗಳು ಪಾಸ್‌ಪೋರ್ಟಿಗೆ ಇನ್ನೂ 6 ತಿಂಗಳ ಅವಧಿಯಿರಬೇಕೆಂದು ಕೇಳುವುದರಿಂದ, ಅವಧಿ ಮುಗಿಯುತ್ತ ಬಂದಿದ್ದರೆ ಹೊರಡುವ ಮೊದಲೇ ನವೀಕರಿಸಿರಿ. ತಮ್ಮ ನಡುವಿನ ಗಡಿಗಳಲ್ಲಿ ತಪಾಸಣೆ ತೆಗೆದುಹಾಕಿರುವ ಯುರೋಪಿನ ಹಲವು ದೇಶಗಳ ಶೆಂಗೆನ್ ವಲಯದಲ್ಲಿ ಅಲ್ಪಾವಧಿಯ ಭೇಟಿಗೆ ಬಂದವರು ಯಾವುದೇ 180 ದಿನಗಳಲ್ಲಿ 90 ದಿನಗಳಷ್ಟೇ ಇರಬಹುದು; ಒಂದು ದಿನ ಗಡಿ ದಾಟಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆಂಬುದು ತಪ್ಪು ತಿಳಿವಳಿಕೆ. ಮಾರ್ಚ್ 1ರಿಂದ ಮೇ 29ರವರೆಗೆ ಸತತವಾಗಿ ಅಲ್ಲಿದ್ದವರು ಆಗಸ್ಟ್ 27ರವರೆಗೆ ಮರಳಿ ಕಾಲಿಡುವಂತಿಲ್ಲ. ನಡುವಿನ ತಿಂಗಳುಗಳನ್ನು ಆ ವಲಯಕ್ಕೆ ಸೇರದ ಅಲ್ಬೇನಿಯಾ, ಜಾರ್ಜಿಯಾ, ಟರ್ಕಿಗಳಲ್ಲಿ ಕಳೆಯುವವರಿದ್ದಾರೆ, ಆದರೆ ಅಲ್ಲಿನ ವೀಸಾ ನಿಯಮ ನಿಮ್ಮ ಪಾಸ್‌ಪೋರ್ಟಿಗೆ ಹೇಗೆ ಅನ್ವಯಿಸುತ್ತದೆಂದು ನೋಡಿಕೊಳ್ಳಬೇಕು. ಒಂದೇ ದೇಶದಲ್ಲಿ ವರ್ಷಕ್ಕೆ 183 ದಿನ ಅಥವಾ ಹೆಚ್ಚು ಇದ್ದವರನ್ನು ತೆರಿಗೆಯ ದೃಷ್ಟಿಯಿಂದ ತಮ್ಮ ನಿವಾಸಿಯೆಂದು ಎಣಿಸುವ ದೇಶಗಳು ಹಲವಿರುವುದರಿಂದ, ದಿನಗಳ ಲೆಕ್ಕವನ್ನು ಡೈರಿಯಲ್ಲಿ ಬರೆದಿಡಿರಿ.

ಈ ವಯಸ್ಸಿನ ಪ್ರಯಾಣದಲ್ಲಿ ಅತಿ ಹೆಚ್ಚು ಗಮನ ಬೇಡುವುದು ಶರೀರ. ಹೊರಡುವ ಮೊದಲು ರಕ್ತದೊತ್ತಡ, ಸಕ್ಕರೆ, ಹೃದಯ, ಕಣ್ಣು ಮತ್ತು ಹಲ್ಲುಗಳ ತಪಾಸಣೆ ಮಾಡಿಸಿ, ಹಲ್ಲಿನ ಬಾಕಿ ಕೆಲಸವನ್ನು ಮುಗಿಸಿಕೊಳ್ಳಿರಿ. ಔಷಧಗಳ ವ್ಯಾಪಾರಿ ಹೆಸರು ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ವೈದ್ಯರಿಂದ ಜೆನೆರಿಕ್ ಹೆಸರು (ಔಷಧದ ಮೂಲವಸ್ತುವಿನ ಹೆಸರು) ಮತ್ತು ಪ್ರಮಾಣವಿರುವ ಚೀಟಿ ಬರೆಸಿಕೊಂಡು, ಮಾತ್ರೆಗಳನ್ನು ಅವುಗಳ ಮೂಲ ಪೊಟ್ಟಣದಲ್ಲೇ ಒಯ್ಯಿರಿ. ಸಾಮಾನ್ಯ ನೆಗಡಿ ಮಾತ್ರೆಯೂ ತೊಂದರೆ ತರಬಲ್ಲದು: ಕಟ್ಟಿದ ಮೂಗನ್ನು ಬಿಡಿಸುವ ಸ್ಯೂಡೋಎಫೆಡ್ರಿನ್ ಎಂಬ ಅಂಶ ಶೇಕಡಾ 10ಕ್ಕಿಂತ ಹೆಚ್ಚು ಇರುವ ಔಷಧವನ್ನು ಜಪಾನಿಗೆ ತರುವಂತಿಲ್ಲ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಬೇಕಾಗುವ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ, ಲಸಿಕೆ ಹಾಕಿಸಿದ 10 ದಿನಗಳ ಅನಂತರವಷ್ಟೇ ಮಾನ್ಯವಾಗುತ್ತದೆ. 2016ರ ಜುಲೈಯಿಂದ ಅದು ಜೀವನಪರ್ಯಂತ ಸಲ್ಲುತ್ತದೆ. ವಿಮೆ ಕೊಳ್ಳುವಾಗ ಇರುವ ಕಾಯಿಲೆಯನ್ನು ಮುಚ್ಚಿಡಬೇಡಿರಿ, ಮತ್ತು ತುರ್ತು ಸ್ಥಿತಿಯಲ್ಲಿ ದೊಡ್ಡ ಆಸ್ಪತ್ರೆಗೆ ಅಥವಾ ಸ್ವದೇಶಕ್ಕೆ ಸಾಗಿಸುವ ವೆಚ್ಚ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿರಿ.

ಇಷ್ಟಾದ ಮೇಲೆ ರಾಜೀನಾಮೆ ಕೊಡಬಹುದು. ಮೊದಲ ಊರಿನಲ್ಲಿ ಒಂದು ತಿಂಗಳಾದರೂ ನಿಲ್ಲುವಂತೆ ವ್ಯವಸ್ಥೆ ಮಾಡಿಕೊಳ್ಳಿರಿ. ಇಪ್ಪತ್ತರ ಹರೆಯದವರಂತೆ ಮೂರು ದಿನಕ್ಕೊಂದು ಊರು ಬದಲಿಸಿದರೆ ಆರನೆಯ ವಾರಕ್ಕೆ ಮೊಣಕಾಲೂ ಮನಸ್ಸೂ ದಣಿಯುತ್ತವೆ. ಬಾಡಿಗೆಗೆ ಕೊಟ್ಟ ಮನೆಯ ಕರಾರು ಮುಗಿಯುವ ದಿನಕ್ಕೆ ಮೂರು ತಿಂಗಳು ಮೊದಲು, ಎಲ್ಲೇ ಇದ್ದರೂ, ಮನೆ ಮಾರುವುದೋ ಇಟ್ಟುಕೊಳ್ಳುವುದೋ ಎಂಬುದನ್ನು ಕುಳಿತು ತೀರ್ಮಾನಿಸಿರಿ.