ನರಳುವ ಪ್ರಾಣಿಗೆ ಯಾವ ಗುಂಡು? ಗೌಡ್ರಿಗೆ ಹೇಳಿದ್ದು

ಹಾರೋಹಳ್ಳಿ ದಾಟಿ ಸ್ವಲ್ಪ ಒಳಗೆ ಹೋದರೆ ನಮ್ಮ ಗೌಡ್ರ ತೋಟ. ಮನೆ ಬನಶಂಕರಿಯಲ್ಲಿ, ಮನಸ್ಸು ಮಾತ್ರ ತೋಟದಲ್ಲಿ. ಅಲ್ಲಿ ಅವರು ಒಂದು ಹಳೇ ರೇಸ್ ಕುದುರೆ ಸಾಕಿದ್ದರು. ಹೆಣ್ಣು, ವಯಸ್ಸು ಇಪ್ಪತ್ನಾಲ್ಕು. ಒಂದು ಭಾನುವಾರ ಜಗಲಿ ಮೇಲೆ ಕೂತಿದ್ದಾಗ ಒಂದು ಹಳೇ ಸೋಪಿನ ಡಬ್ಬಿ ತಂದು ನನ್ನ ಮುಂದಿಟ್ಟರು. ಒಳಗೆ ಹದಿನಾರು ಗುಂಡು.

"ಡಾಕ್ಟ್ರೇ, ಇವಳು ಬಿದ್ದರೆ ಮತ್ತೆ ಏಳಲ್ಲ. ಆ ಹೊತ್ತಿಗೆ ಯಾವ ಗುಂಡು ಸರಿ, ಹೇಳ್ಬಿಡಿ. ನರಳೋದು ನನ್ನ ಕೈಲಿ ನೋಡಕ್ಕಾಗಲ್ಲ."

ನಾನು ಹೆಬ್ಬಾಳದಲ್ಲಿ ಓದಿ, ಇಲಾಖೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ದನ, ಕುರಿ, ನಾಯಿ ನೋಡಿಕೊಂಡು ನಿವೃತ್ತನಾದ ಪಶುವೈದ್ಯ. ಈ ಪ್ರಶ್ನೆ ಕೇಳಿದವರಲ್ಲಿ ಗೌಡ್ರು ಮೊದಲಿಗರಲ್ಲ. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಾಣಿ ಯಾರದು ಅನ್ನೋದು ಮೊದಲ ಮಾತು. ಬೀದಿನಾಯಿ ಆಗಿದ್ದರೆ ಕೋವಿಯ ಸುದ್ದಿಯೇ ಬೇಡ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮದಂತೆ, ಬದುಕಲಾರದ ನಾಯಿಗೆ ಕೊನೆಯ ಸೂಜಿ ಹಾಕಬೇಕಾದವರು ಪಶುವೈದ್ಯರು. ಅದೂ ಇನ್ನೊಂದು ನಾಯಿಯ ಕಣ್ಣೆದುರು ಹಾಕುವಂತಿಲ್ಲ. ಜಿಂಕೆ, ಕಾಡುಹಂದಿ, ನವಿಲು ಆದರೆ 1972ರ ವನ್ಯಜೀವಿ ಕಾಯ್ದೆ ಬರುತ್ತದೆ. ದೂರ ನಿಂತು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ದನಕ್ಕೆ ನಮ್ಮ ರಾಜ್ಯದಲ್ಲಿ ಬೇರೆಯದೇ ಕಾನೂನಿದೆ. ಪಕ್ಕದ ತೋಟದವರ ಪ್ರಾಣಿಯನ್ನು ಕರುಣೆಯಿಂದಲೇ ಕೊಂದಿರಿ ಅಂದುಕೊಳ್ಳಿ, ಅವರು ದೂರು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್. ಐದು ವರ್ಷದವರೆಗೆ ಜೈಲಾಗಬಹುದು. ಮಾಲೀಕ ಇಲ್ಲದ ಕಡೆ ಅಥವಾ ಒಪ್ಪದ ಕಡೆ ಪೊಲೀಸರು ಕೂಡ ಸುಮ್ನೆ ಗುಂಡು ಹಾರಿಸುವಂತಿಲ್ಲ. 1960ರ ಕ್ರೌರ್ಯ ತಡೆ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪಶುವೈದ್ಯರ ಸರ್ಟಿಫಿಕೇಟು ಬೇಕು, ಮ್ಯಾಜಿಸ್ಟ್ರೇಟರ ಆದೇಶ ಬೇಕು.

ಇನ್ನು ಲೈಸೆನ್ಸ್. ಗೌಡ್ರ ರಿವಾಲ್ವರ್ ಆತ್ಮರಕ್ಷಣೆಗೆ ಅಂತ ಕೊಟ್ಟದ್ದು. ಕುದುರೆಗೆ ಬಳಸಬಹುದಾ ಅನ್ನೋದನ್ನು ಕುದುರೆ ಬಿದ್ದ ರಾತ್ರಿ ಕೇಳಬಾರದು. ಎಲ್ಲಾ ಸರಿ ಇರುವಾಗಲೇ ಠಾಣೆಗೆ ಹೋಗಿ ಬರವಣಿಗೆಯಲ್ಲಿ ಕೇಳಿಕೊಳ್ಳಿ ಅಂದೆ. ಮುಖ ಸಿಂಡರಿಸಿದರು.

ಇಷ್ಟೆಲ್ಲ ಸೋಸಿದ ಮೇಲೆ ಕೋವಿಗೆ ಉಳಿಯುವ ಜಾಗ ಸಣ್ಣದು. ಪ್ರಾಣಿ ನಿಮ್ಮದೇ ಆಗಿರಬೇಕು. ಬದುಕಲ್ಲ ಅಂತ ಡಾಕ್ಟರು ಹೇಳಿರಬೇಕು. ಸೂಜಿ ತಲುಪುವಷ್ಟು ಹೊತ್ತು ಕಾಯುವುದೇ ಹಿಂಸೆ ಅನ್ನುವಂತಿರಬೇಕು. ಆ ಸಣ್ಣ ಜಾಗಕ್ಕೇ ಮುಂದಿನ ಮಾತು.

ಎಲ್ಲರೂ ಗುಂಡಿನಿಂದ ಶುರು ಮಾಡುತ್ತಾರೆ. ನಾನು ಗುಂಡು ಬೀಳಬೇಕಾದ ಜಾಗದಿಂದ ಶುರು ಮಾಡುತ್ತೇನೆ. ಸರ್ವಿಸಿಗೆ ಸೇರಿದ ಹೊಸದರಲ್ಲಿ ಒಂದು ಕೆರೆ ಏರಿಯ ಕೆಳಗೆ ಎಮ್ಮೆ ಬಿದ್ದಿತ್ತು. ಲಾರಿ ಗುದ್ದಿ ಸೊಂಟ ಮುರಿದಿತ್ತು. ಕಾಗದಪತ್ರ ಮುಗಿಸಿ ಒಬ್ಬ ಅಧಿಕಾರಿ ರಿವಾಲ್ವರ್ ತೆಗೆದರು. ಕಣ್ಣುಗಳ ಮಧ್ಯೆ ಹೊಡೆದರು. ಎಮ್ಮೆ ಒಮ್ಮೆ ಉಸಿರು ಬಿಟ್ಟಿತು, ಮೂಗಿನಿಂದ ರಕ್ತ ಬಂತು, ತಲೆ ಎತ್ತಿ ನಮ್ಮನ್ನೇ ನೋಡಿತು. ಎರಡನೆಯದೂ ಅಲ್ಲೇ. ಮೂರನೆಯದಕ್ಕೆ ನಾನು ಅವರ ಕೈ ಹಿಡಿದು ಕೊಂಬಿನ ಹಿಂದೆ ತೋರಿಸಿದೆ. ಮೊದಲೇ ಬಾಯಿ ಬಿಡಬೇಕಿತ್ತು. ಹೊಸಬ, ಹೆದರಿದ್ದೆ.

ಕಣ್ಣುಗಳ ಮಧ್ಯೆ ಮೆದುಳಿಲ್ಲ. ಅಲ್ಲಿರುವುದು ಮೂಗಿನ ಪೊಳ್ಳು. ಮೆದುಳು ಇರುವುದು ಅದಕ್ಕಿಂತ ಮೇಲೆ. ಕುದುರೆಗಾದರೆ, ಎಡಗಣ್ಣಿನಿಂದ ಬಲಗಿವಿಯ ಬುಡಕ್ಕೆ ಒಂದು ಗೆರೆ, ಬಲಗಣ್ಣಿನಿಂದ ಎಡಗಿವಿಯ ಬುಡಕ್ಕೆ ಇನ್ನೊಂದು ಗೆರೆ ಎಳೆಯಿರಿ. ಎರಡೂ ಕೂಡುವ ಜಾಗಕ್ಕಿಂತ ಒಂದು ಬೆರಳು ಮೇಲೆ. ಗುಂಡಿನ ದಾರಿ ಕತ್ತಿನ ಉದ್ದಕ್ಕೂ ಹೋಗುವ ಹಾಗಿರಬೇಕು, ಗಂಟಲ ಕಡೆಗಲ್ಲ. ಎಮ್ಮೆಯ ಹಣೆ ದಪ್ಪ, ಒಳಗೆ ಪೊಳ್ಳು ಜಾಸ್ತಿ. ಅದಕ್ಕೇ ಕೊಂಬಿನ ಹಿಂದಿನ ನೆತ್ತಿ. ಗೌಡ್ರಿಗೆ ಬಾಯಲ್ಲಿ ಹೇಳಿದರೆ ಸಾಲದು ಅಂತ ಲಾಯಕ್ಕೆ ಹೋಗಿ, ಸೀಮೆಸುಣ್ಣ ತೆಗೆದುಕೊಂಡು ಆ ಹೆಣ್ಣು ಕುದುರೆಯ ಹಣೆ ಮೇಲೇ ಗೆರೆ ಎಳೆದೆ. ಅದು ಕಿವಿ ಅಲ್ಲಾಡಿಸಿ ನನ್ನ ಜೇಬು ಮೂಸಿತು. ಬೆಲ್ಲ ಇದೆಯಾ ಅಂತ.

ಹುಚ್ಚುನಾಯಿ ರೋಗದ ಅನುಮಾನ ಇದ್ದರೆ ತಲೆಗೆ ಹೊಡೆಯಲೇಬಾರದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಪರೀಕ್ಷೆಗೆ ಮೆದುಳೇ ಬೇಕು. ಹೆಬ್ಬಾಳದ ನಮ್ಮ ಕಾಲೇಜಿನಲ್ಲೇ ಅದಕ್ಕೆ ಲ್ಯಾಬ್ ಇದೆ. ಚೂರಾದ ಮೆದುಳು ಕೊಟ್ಟರೆ ಅವರೇನು ನೋಡಬೇಕು?

ಈಗ ಗುಂಡು. ಗೌಡ್ರದು ಪಾಯಿಂಟ್ 32 ರಿವಾಲ್ವರ್, ಅಂದರೆ ಬೋರ್ (ನಳಿಕೆಯ ಒಳಗಿನ ಅಗಲ) ಸುಮಾರು 0.32 ಇಂಚು. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್, ಸಾಮಾನ್ಯ ಜನಕ್ಕೆ ಸಿಗಲ್ಲ. ಹಾಗಾಗಿ ಕೈಕೋವಿ ಇರುವ ಬಹಳ ಜನರ ಮನೆಯಲ್ಲಿ ಇರುವುದು ಪಾಯಿಂಟ್ 32, ಅಪರೂಪಕ್ಕೆ ಪಾಯಿಂಟ್ 22. ಪಾಯಿಂಟ್ 32ರ ಗುಂಡು ನಳಿಕೆ ಬಿಡುವಾಗ ಅದರ ಶಕ್ತಿ ಸುಮಾರು 175 ಜೂಲ್. ಕೈಕೋವಿಯ ಪಾಯಿಂಟ್ 22 ಆದರೆ 100ರಿಂದ 140. ಅಮೆರಿಕದ ಪಶುವೈದ್ಯರ ಸಂಘದ ಮಾರ್ಗಸೂಚಿ ಏನನ್ನುತ್ತೆ ಗೊತ್ತಾ? 180 ಕೆಜಿವರೆಗಿನ ಪ್ರಾಣಿಗೆ ಸುಮಾರು 400 ಜೂಲ್, ಅದಕ್ಕಿಂತ ದೊಡ್ಡದಕ್ಕೆ 1,350ರ ಆಸುಪಾಸು. ಗೌಡ್ರ ಕುದುರೆ 450 ಕೆಜಿಗೆ ಕಮ್ಮಿಯಿಲ್ಲ. ಆ ಲೆಕ್ಕ ಹಿಡಿದರೆ ಅವರ ರಿವಾಲ್ವರ್ ಹತ್ತಿರವೂ ಸುಳಿಯಲ್ಲ. ಆದರೆ ಬ್ರಿಟನ್ನಿನ ಪ್ರಾಣಿ ಕಲ್ಯಾಣದವರು ಕುದುರೆಗೆ ಪಾಯಿಂಟ್ 32 ಸಾಕು ಅನ್ನುತ್ತಾರೆ, ಬಹಳ ಹತ್ತಿರದಿಂದ, ಸರಿಯಾದ ಜಾಗಕ್ಕೆ ಅನ್ನುವ ಷರತ್ತಿನ ಮೇಲೆ. ಕುದುರೆಯ ಹಣೆ ಮೂಳೆ ಹೋರಿಯದರಷ್ಟು ದಪ್ಪ ಇರಲ್ಲ ಅನ್ನೋದೂ ನಿಜ. ನನ್ನ ಅಭಿಪ್ರಾಯ ಕೇಳಿದರೆ, ಪಾಯಿಂಟ್ 32 ನಾಯಿ, ಮೇಕೆ, ಕುರಿಗೆ ಧಾರಾಳ. ಕುದುರೆಗೆ ಜಾಗ ಒಂದಿಂಚು ತಪ್ಪಿದರೂ ಕ್ಷಮಿಸಲ್ಲ. ಹೋರಿ, ಎಮ್ಮೆಗೆ ಬೇಡವೇ ಬೇಡ. ಪಾಯಿಂಟ್ 22 ಸಣ್ಣ ಪ್ರಾಣಿಗಳಿಗೆ ಮಾತ್ರ.

ಪಕ್ಕದ ತೋಟದವರ ಹತ್ತಿರ ಬೆಳೆ ಕಾಯಲು ಲೈಸೆನ್ಸ್ ಇರುವ 12 ಬೋರ್ ಕೋವಿ ಇದೆ. ದೊಡ್ಡ ಪ್ರಾಣಿಗೆ ಒಂದೆರಡು ಗಜದಿಂದ ಅದೇ ವಾಸಿ. ಅದರ ಮುಂದೆ ರಿವಾಲ್ವರ್ ಆಟದ ಸಾಮಾನು. ಆದರೆ ಅದನ್ನು ಎತ್ತಬೇಕಾದವರು ಲೈಸೆನ್ಸ್ ಇರುವ ಅವರೇ. "ಕೊಡಿ ಸ್ವಲ್ಪ" ಅಂತ ಇಸಿದುಕೊಂಡು ಬರುವುದು ಗುದ್ದಲಿ ಇಸಿದುಕೊಂಡ ಹಾಗಲ್ಲ.

ಗುಂಡಿನ ಮೂತಿ ನೋಡಿ. ಗೌಡ್ರ ಡಬ್ಬಿಯಲ್ಲಿದ್ದದ್ದು ದುಂಡು ಮೂತಿಯ ಗಟ್ಟಿ ಸೀಸ. ದೊಡ್ಡ ತಲೆಗೆ ಅದೇ ಸರಿ. ಮೂತಿಯಲ್ಲಿ ಗುಳಿ ಇರುವ ಗುಂಡು, ಹಾಲೋ ಪಾಯಿಂಟ್ ಅನ್ನುತ್ತಾರಲ್ಲ, ಅದು ಮೂಳೆಗೆ ತಾಗಿದ ಕೂಡಲೇ ಅರಳುತ್ತೆ ಅಥವಾ ಒಡೆಯುತ್ತೆ. ದಪ್ಪ ಮೂಳೆಯಲ್ಲಿ ಮೆದುಳಿನವರೆಗೆ ಹೋಗದೇ ನಿಲ್ಲಬಹುದು. ತೆಳು ಬುರುಡೆಯ ಸಣ್ಣ ಪ್ರಾಣಿಗೆ ಅದೇ ಗುಣ ಅನುಕೂಲ, ಆಚೆ ಹಾದು ಹೋಗುವುದು ಕಮ್ಮಿ. ತಾಮ್ರದ ಕವಚ ಪೂರ್ತಿ ಇರುವ ಗುಂಡು ಸಣ್ಣ ಪ್ರಾಣಿಯ ತಲೆಯಿಂದ ಸಲೀಸಾಗಿ ಆಚೆ ಬರುತ್ತೆ. ಕನಕಪುರದ ಕಡೆ ಆಚೆ ಬಂದ ಗುಂಡು ಏನಾಗುತ್ತೆ? ಬಂಡೆಗೆ ಬಡಿದು ಎತ್ತಲೋ ಹಾರುತ್ತೆ. ಅದಕ್ಕೇ ಪ್ರಾಣಿಯ ಹಿಂದೆ ಉತ್ತ ಮಣ್ಣೋ ಗೊಬ್ಬರದ ಗುಡ್ಡೆಯೋ ಇರಬೇಕು. ಬಂಡೆ, ಸಿಮೆಂಟು ನೆಲ, ಲಾಯದ ಕಲ್ಲಿನ ಗೋಡೆ ಆಗಲ್ಲ. ಜನ ಎಲ್ಲರೂ ಹೊಡೆಯುವವರ ಬೆನ್ನ ಹಿಂದೆ, ಮೊಬೈಲು ಹಿಡಿದು ಮುಂದೆ ಬರುವ ಹುಡುಗರೂ ಸೇರಿ.

ಆಮೇಲೆ ಒಂದೊಂದೇ ಗುಂಡು ಎತ್ತಿ ಬೆಳಕಿಗೆ ಹಿಡಿದೆ. ಹಿಂಬದಿಯಲ್ಲಿ ಕೆಎಫ್ ಅಂತ ಮುದ್ರೆ, ಅಂದರೆ ಖಡ್ಕಿ ಕಾರ್ಖಾನೆಯ ಮಾಲು. ಮಾಲಿನದೇನೂ ತಪ್ಪಿಲ್ಲ. ಅಡುಗೆಮನೆ ಅಟ್ಟದ ಮೇಲೆ ಎಷ್ಟು ಮಳೆಗಾಲ ಕಳೆದಿದ್ದವೋ! ಐದಕ್ಕೆ ಹಸಿರು ಕಿಲುಬು ಹಿಡಿದಿತ್ತು. ಒಂದರ ಸೀಸ ಬೆರಳಲ್ಲಿ ತಿರುಗಿಸಿದರೆ ಅಲ್ಲಾಡುತ್ತಿತ್ತು. ಇಂಥವು ಹತ್ತದೇ ಹೋಗಬಹುದು, ಇಲ್ಲಾ ತಡವಾಗಿ ಹತ್ತಬಹುದು. ಟ್ರಿಗರ್ ಎಳೆದಾಗ ಗುಂಡು ಹಾರದೇ ಟಿಕ್ ಅಂತ ಸುಮ್ಮನಾದರೆ ಕೂಡಲೇ ತೆರೆದು ನೋಡಬಾರದು. ನಳಿಕೆ ಮಣ್ಣಿನ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಬೇಕು. ಕೊನೆ ಗಳಿಗೆಯಲ್ಲಿ ಆ ಅರ್ಧ ನಿಮಿಷ ಪ್ರಾಣಿಗೂ ಶಿಕ್ಷೆ. ಹಾಗಾಗಿ ಹೊಸ ಗುಂಡು, ಒಂದೇ ಡಬ್ಬಿಯದು. ಹಳೆಯವನ್ನು ಲೈಸೆನ್ಸ್ ಇರುವ ಅಂಗಡಿಗೆ ಒಪ್ಪಿಸಿ ಅಂದೆ. ಬಾವಿಗೆ ಹಾಕ್ತೀನಿ ಅಂದರು. ಬೇಡ ಅಂದೆ.

ನಳಿಕೆಯನ್ನು ಹಣೆಗೆ ಒತ್ತಿ ಹಿಡಿಯಬಾರದು. ಒತ್ತಿದರೆ ನಳಿಕೆಯೇ ಸೀಳಬಹುದು. ನಾಲ್ಕು ಬೆರಳಿಗಿಂತ ಹತ್ತಿರ ಬೇಡ, ಒಂದು ಗೇಣಿಗಿಂತ ದೂರ ಬೇಡ. ಎರಡನೇ ಗುಂಡು ಯಾವಾಗಲೂ ಒಳಗೆ ತಯಾರಿರಲಿ. ಸರಿಯಾಗಿ ಬಿದ್ದರೆ ಪ್ರಾಣಿ ಕುಸಿಯುತ್ತೆ, ಆಮೇಲೆ ಕಾಲು ಝಾಡಿಸುತ್ತೆ. ಅದು ನರದ ಕೆಲಸ, ನೋವಲ್ಲ. ಹೆದರಬೇಡಿ. ನೋಡಬೇಕಾದ್ದು ಉಸಿರು: ಒಂದೇ ಲಯದಲ್ಲಿ ಪಕ್ಕೆ ಏರಿಳಿದರೆ ಜೀವ ಇದೆ. ಹಿಂದಿನಿಂದ ಹೋಗಿ ಕಣ್ಣುಗುಡ್ಡೆ ಮುಟ್ಟಿ. ರೆಪ್ಪೆ ಮಿಟುಕಿದರೆ ತಡ ಮಾಡದೇ ಇನ್ನೊಂದು. ಎದೆಬಡಿತ ನಿಂತಿತೇ ಅಂತ ಐದು ನಿಮಿಷ ಬಿಟ್ಟು ಮತ್ತೆ ನೋಡಿ.

ಇಷ್ಟೆಲ್ಲಾ ಪಾಠ ಆದ ನಾಲ್ಕು ತಿಂಗಳಿಗೆ ರಾತ್ರಿ ಹನ್ನೊಂದಕ್ಕೆ ಗೌಡ್ರ ಫೋನು. ಕುದುರೆ ಕಾಲುವೆಗೆ ಬಿದ್ದು ಹಿಂಗಾಲು ಮುರಿದಿತ್ತು, ಮೂಳೆ ಹೊರಗೆ. ನಾನು ಸಂಜಯನಗರದಲ್ಲಿ. ಹೋಗಿ ಮುಟ್ಟಲು ಎರಡು ಗಂಟೆ. ಮುಖದ ಮೇಲೆ ಬಟ್ಟೆ ಹಾಕಿ, ಕತ್ತಿನ ಹತ್ತಿರ ಕೂತು ಮಾತಾಡಿಸುತ್ತಿರಿ, ನೋವಿಗೆ ಅಂತ ಮನೆಯಲ್ಲಿರುವ ಡೈಕ್ಲೋಫಿನಾಕ್ ಕೊಡಬೇಡಿ ಅಂದೆ. ತಾಲ್ಲೂಕಿನ ಡಾಕ್ಟರ ನಂಬರು ಕೊಟ್ಟೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಲವತ್ತು ನಿಮಿಷದಲ್ಲಿ ಬೈಕಿನಲ್ಲಿ ಬಂದರಂತೆ. ಮೊದಲು ಮಂಪರಿಗೆ ಝೈಲಜೀನ್, ಆಮೇಲೆ ಪ್ರಜ್ಞೆ ತಪ್ಪಿಸಲು ಕತ್ತಿನ ರಕ್ತನಾಳಕ್ಕೆ ಥಯೋಪೆಂಟೋನ್. ಪೂರ್ತಿ ಪ್ರಜ್ಞೆ ತಪ್ಪಿದ ಮೇಲೆ ಎದೆಬಡಿತ ನಿಲ್ಲಿಸಲು ಮೆಗ್ನೀಷಿಯಂ ಸಲ್ಫೇಟ್. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ರಿವಾಲ್ವರ್ ಬೀರುವಿನಿಂದ ಹೊರಗೇ ಬಂದಿರಲಿಲ್ಲ.

ಡೈಕ್ಲೋಫಿನಾಕ್ ಬೇಡ ಅಂದಿದ್ದು ರಣಹದ್ದುಗಳಿಗಾಗಿ, ಅದು ಸೇರಿದ ಹೆಣ ತಿಂದರೆ ಅವು ಸಾಯುತ್ತವೆ. ಜಾನುವಾರುಗಳಿಗೆ ಆ ಔಷಧಿ 2006ರಿಂದ ನಿಷೇಧ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಅದು ಆ ತೋಟಕ್ಕೆ ಏನೂ ದೂರವಲ್ಲ. ಸೂಜಿ ಹಾಕಿದ ಹೆಣವನ್ನು ಬಯಲಲ್ಲಿ ಬಿಟ್ಟರೆ ತಿಂದ ಹದ್ದು, ನಾಯಿ, ನರಿ ಎಲ್ಲಕ್ಕೂ ಆ ಸೂಜಿಯ ಔಷಧಿಯೇ ವಿಷ. ಗುಂಡು ಹಾಕಿದ್ದರೂ ಕಥೆ ಅದೇ, ತಲೆಯೊಳಗೆ ಸೀಸದ ಚೂರು ಇರುತ್ತೆ. ಎರಡಕ್ಕೂ ಹೂಳುವುದೇ ದಾರಿ, ಆಳವಾಗಿ, ಬಾವಿ ಮತ್ತು ಕಾಲುವೆಯಿಂದ ದೂರ.

ಬೆಳಿಗ್ಗೆ ಏಳಕ್ಕೆ ಜೆಸಿಬಿ ಬಂತು. ಎಂಟಡಿ ತೋಡಿಸಿ, ಮಣ್ಣು ಮುಚ್ಚಿ, ಮೇಲೆ ಚಪ್ಪಡಿ ಹೇರಿಸಿದೆವು. ಅವರ ತೋಟದ ನಾಯಿ ಆಗಲೇ ಆ ಹಸಿಮಣ್ಣು ಕೆದರುತ್ತಿತ್ತು. ಹದಿನೈದು ದಿನ ಇದನ್ನು ಕಟ್ಟಿಹಾಕಿ ಗೌಡ್ರೇ ಅಂದೆ. ಕುದುರೆಯ ಹಗ್ಗ ಕೈಯಲ್ಲೇ ಇತ್ತು. ಅದರಲ್ಲೇ ಕಟ್ಟಿದರು.