ಕಥೆ ಮುಗಿದ ಮೇಲೆ ಸುಮ್ಮನಿರುವುದು ಹೇಗೆ?

ಮೂರನೇ ತರಗತಿಯಲ್ಲಿ ಮೇಷ್ಟ್ರೊಬ್ಬರು ಕಥೆ ಓದುತ್ತಿದ್ದರು. ನರಿ ಬಾವಿಗೆ ಬಿದ್ದಿತ್ತು. ಮಕ್ಕಳು ಬಾಯಿ ತೆರೆದು ಕೂತಿದ್ದರು. ಕಥೆ ಮುಗಿದದ್ದೇ ತಡ, ಮೇಷ್ಟ್ರು ಪುಸ್ತಕ ಮುಚ್ಚಿ, "ಹೂಂ, ಈ ಕಥೆಯ ನೀತಿ ಏನು?" ಎಂದರು. ಎಲ್ಲರ ತಲೆಯೂ ಒಟ್ಟಿಗೆ ಕೆಳಗೆ ಹೋಯಿತು. ಶಿಕ್ಷಕಿಯಾದ ಹೊಸದರಲ್ಲಿ ನಾನೂ ಇದನ್ನೇ ಮಾಡುತ್ತಿದ್ದೆ. ಮಕ್ಕಳು ಖುಷಿಗಾಗಿ ಓದಬೇಕು ಅಂದರೆ ಏನು ಮಾಡಬೇಕು ಎನ್ನುವುದು ಹಾಗೆ ಎಡವಿ ಎಡವಿ ಕಲಿತದ್ದು.

1. ಬೀರುವಿನ ಬೀಗ ತೆಗೆಯಿರಿ

ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ಕಥೆಪುಸ್ತಕಗಳೂ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳು ಇವೆ ಕೂಡ, ಬೀರುವಿನೊಳಗೆ. ಹರಿದರೆ ಯಾರು ಲೆಕ್ಕ ಕೊಡುವುದು ಎಂಬ ಭಯ. ನಾನಿದ್ದ ಒಂದು ಶಾಲೆಯಲ್ಲಿ ಎರಡು ವರ್ಷದ ಮೇಲೆ ಬೀರು ತೆರೆದಾಗ ಗೆದ್ದಲು ಅಷ್ಟನ್ನೂ ಓದಿ ಮುಗಿಸಿತ್ತು. ಗ್ರಂಥಾಲಯ ಶಾಸ್ತ್ರದ ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದೇ, ಪುಸ್ತಕ ಇರುವುದು ಬಳಸುವುದಕ್ಕೆ ಎಂದು.

2. ಪುಸ್ತಕ ಆರಿಸಿ

ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಹೊಳೆಯುವ ರಟ್ಟಿನ "ನೀತಿ ಕಥೆಗಳು" ಸೆಟ್ ತರಬೇಡಿ. ಸಣ್ಣ ಅಕ್ಷರ, ಪುಟಕ್ಕೆ ನಾಲ್ಕು ಕಾಗುಣಿತದ ತಪ್ಪು, ಕೊನೆಯಲ್ಲಿ ಚೌಕಟ್ಟು ಹಾಕಿದ ನೀತಿ. ಒತ್ತಕ್ಷರದಲ್ಲಿ ಇನ್ನೂ ತಡವರಿಸುವ ಮಗುವಿಗೆ ದೊಡ್ಡ ಅಕ್ಷರ, ಪುಟಕ್ಕೆ ಒಂದೆರಡು ಸಾಲು, ದೊಡ್ಡ ಚಿತ್ರ ಬೇಕು. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಪುಸ್ತಕಗಳು ಕನ್ನಡದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕಥೆಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದ್ದಾರೆ, ಪುಕ್ಕಟೆಯಾಗಿ ಇಳಿಸಿಕೊಂಡು ಮುದ್ರಿಸಬಹುದು. ದುಡ್ಡು ಉಳಿಸಲು ಕಪ್ಪು ಬಿಳುಪಿನಲ್ಲಿ ಮಾತ್ರ ತೆಗೆಸಬೇಡಿ. ಹುಲಿಯೂ ಬೆಕ್ಕೂ ಒಂದೇ ಮಸಿಯಾಗಿರುತ್ತವೆ.

3. ಹಗ್ಗ ಕಟ್ಟಿ

ಮಗುವಿನ ಎದೆಯೆತ್ತರಕ್ಕೆ, ಪುಸ್ತಕಗಳನ್ನು ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ, ಮುಖಪುಟ ಕಾಣುವಂತೆ. ಅಷ್ಟೇ.

4. ಓದಿ ಹೇಳಿ

ಕೆಲಸ ಕೆಡುವುದೇ ಇಲ್ಲಿ.

ಹಿಂದಿನ ರಾತ್ರಿ ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ದನಿ ಬದಲಿಸಬೇಕು ಅಂತ ಗೊತ್ತಾಗುತ್ತದೆ. ತರಗತಿಯಲ್ಲೇ ಮೊದಲ ಸಲ ಪುಸ್ತಕ ತೆರೆದರೆ ನಿಮ್ಮ ಕಣ್ಣು ಸಾಲಿನ ಮೇಲೇ ಇರುತ್ತದೆ, ಮಕ್ಕಳ ಮೇಲೆ ಇರುವುದಿಲ್ಲ.

ಸಮಯ ಬಿಸಿಯೂಟದ ನಂತರ, ಹದಿನೈದು ನಿಮಿಷ, ದಿನಾ. "ಪಾಠ ಮುಗಿದರೆ ಕಥೆ" ಎಂದು ಇಟ್ಟುಕೊಂಡರೆ ಕಥೆಯ ಸರದಿ ಬರುವುದೇ ಇಲ್ಲ. ಪಾಠ ಯಾವತ್ತು ಮುಗಿದಿದೆ?

ಮಕ್ಕಳನ್ನು ನೆಲದ ಮೇಲೆ ಅರ್ಧ ವೃತ್ತದಲ್ಲಿ ಕೂರಿಸಿ, ಚಿಕ್ಕವರು ಮುಂದೆ. ನೀವು ಗಿಡ್ಡ ಸ್ಟೂಲಿನ ಮೇಲೆ. ಪುಸ್ತಕವನ್ನು ನಿಮ್ಮ ಕಿವಿಯ ಪಕ್ಕ, ಚಿತ್ರ ಮಕ್ಕಳ ಕಡೆಗೆ ಇರುವಂತೆ ಹಿಡಿಯಿರಿ. ಕೈ ನೋಯುತ್ತದೆ, ವಾರದಲ್ಲಿ ಅಭ್ಯಾಸವಾಗುತ್ತದೆ. ಪ್ರತಿ ಪುಟದ ಚಿತ್ರವನ್ನು ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ತೋರಿಸಿ. ಅಕ್ಷರ ಬಾರದವರು ಚಿತ್ರವನ್ನೇ ಓದುತ್ತಿರುತ್ತಾರೆ. ಮೂಲೆಯಲ್ಲಿರುವ ಇರುವೆ ನಿಮಗೆ ಕಂಡಿರುವುದಿಲ್ಲ, ಅವರಿಗೆ ಕಂಡಿರುತ್ತದೆ.

ಕಥೆ ಹೇಳುವ ಸಾಲುಗಳನ್ನು ಪುಸ್ತಕದಲ್ಲಿ ಇದ್ದ ಹಾಗೇ ಓದಿ, ಆ ಭಾಷೆಗೂ ಕಿವಿ ಒಗ್ಗಬೇಕಲ್ವಾ. ಪಾತ್ರಗಳ ಮಾತು ಬಂದಾಗ ಊರಿನ ಮಾತಿಗೆ ಇಳಿಯಿರಿ. ಕಲಬುರಗಿ ಕಡೆಯ ತರಗತಿಯಲ್ಲಿ ಮೊಲ "ನಾನು ಹೋಗುತ್ತೇನೆ" ಅನ್ನುವುದಕ್ಕಿಂತ "ನಾ ಹೊಂಟೀನಿ" ಅಂದರೆ ಮಕ್ಕಳು ಹತ್ತಿರ ಸರಿಯುತ್ತಾರೆ. ಪ್ರತಿ ಪದಕ್ಕೂ ಅರ್ಥ ಹೇಳುತ್ತಾ ನಿಲ್ಲಬೇಡಿ. ಕುತೂಹಲದ ಜಾಗದಲ್ಲಿ ಪುಟ ತಿರುವುವ ಮೊದಲು ಒಂದು ಕ್ಷಣ ತಡೆಯಿರಿ.

ಕಥೆ ಮುಗಿಯಿತು. ಪುಸ್ತಕ ಮುಚ್ಚಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಬಾಯಿ ತೆರೆಯಬೇಡಿ. ತುಂಬಾ ಕಷ್ಟ ಇದು, ನನಗೆ ಈಗಲೂ ನಾಲಿಗೆ ತುದಿಗೆ "ನೀತಿ" ಬಂದು ಕೂರುತ್ತದೆ. ಏಳು ಎಂಟು ಎನ್ನುವಷ್ಟರಲ್ಲಿ ಯಾರೋ ಒಬ್ಬರು, "ಮಿಸ್, ಆ ನರಿ ರಾತ್ರಿಯೆಲ್ಲಾ ಬಾವಿಯಲ್ಲೇ ಇತ್ತಾ?" ಎನ್ನುತ್ತಾರೆ. ಇನ್ನೊಬ್ಬ, "ನಮ್ಮ ಕರೂನೂ ಬಿದ್ದಿತ್ತು" ಎನ್ನುತ್ತಾನೆ. ಮಾತು ಅಲ್ಲಿಂದ ತಾನೇ ಬೆಳೆಯಲಿ. ಯಾರೂ ಏನೂ ಹೇಳಲಿಲ್ಲವೇ? ಎದ್ದು ಗಣಿತ ಶುರು ಮಾಡಿ. ಐದು ವಾಕ್ಯ ಬರೆಸುವುದು, ಚಿತ್ರ ಬಿಡಿಸಿ ಅನ್ನುವುದು, ಯಾವುದೂ ಬೇಡ.

ಓದಿದ ಪುಸ್ತಕವನ್ನು ಅವರೆದುರೇ ಹಗ್ಗಕ್ಕೆ ಸಿಕ್ಕಿಸಿ. ಸಂಜೆಯೊಳಗೆ ಅದಕ್ಕೇ ಜಗಳ ಆಗುತ್ತದೆ. ನಾಳೆಯೂ ಅದೇ ಕಥೆ ಬೇಕು ಅಂದರೆ ಅದನ್ನೇ ಓದಿ. ಸ್ಮಾರ್ಟ್ ಟಿವಿಯಲ್ಲಿ ಕಥೆಯ ವಿಡಿಯೋ ಹಾಕಿ ಕೂರುವ ಸುಲಭದ ದಾರಿಯೂ ಇದೆ. ಮಕ್ಕಳು ಗಪ್‌ಚುಪ್ ಕೂರುತ್ತಾರೆ ನಿಜ, ಎದ್ದು ಹೋಗಿ ಪುಸ್ತಕ ಹುಡುಕಿದವರನ್ನು ನಾನು ನೋಡಿಲ್ಲ.

5. ತಾವೇ ಓದಿಕೊಳ್ಳಲಿ

ವಾರಕ್ಕೆ ಮೂರು ಸಲ, ತಮಗಿಷ್ಟದ ಪುಸ್ತಕ. ಅರ್ಧಕ್ಕೆ ಬಿಡಬಹುದು. ಆ ಹೊತ್ತಿನಲ್ಲಿ ನೀವೂ ಓದಬೇಕು, ಹಾಜರಿ ಪುಸ್ತಕ ತುಂಬಿಸುವುದಲ್ಲ.

ಬಹುಮಾನ ಇಡಬೇಡಿ. ನಾನೊಮ್ಮೆ ಗೋಡೆಯ ಮೇಲೆ ನಕ್ಷತ್ರದ ಪಟ್ಟಿ ಅಂಟಿಸಿದೆ, ಪುಸ್ತಕಕ್ಕೊಂದು ನಕ್ಷತ್ರ. ಒಬ್ಬಳು ಒಂದೇ ಮಧ್ಯಾಹ್ನ ಹನ್ನೊಂದು ಪುಸ್ತಕ "ಓದಿದಳು". ಎಲ್ಲವೂ ಎಂಟು ಪುಟದವು. ಪಟ್ಟಿಯನ್ನು ಮರುದಿನವೇ ಕಿತ್ತೆ.

6. ಪುಸ್ತಕ ಮನೆಗೆ ಕಳಿಸಿ

ರಿಜಿಸ್ಟರನ್ನು ಮಕ್ಕಳೇ ಬರೆಯಲಿ. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಇಡೀ ತರಗತಿಯನ್ನು ಒಮ್ಮೆ ನಡೆಸಿಕೊಂಡು ಹೋಗಿ. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ.

ಹರಿದು ಬಂದ ಪುಸ್ತಕಕ್ಕೆ ದಂಡ ಹಾಕಿದರೆ ಮುಂದಿನ ವಾರ ಯಾರೂ ಮನೆಗೆ ಒಯ್ಯುವುದಿಲ್ಲ. ಶನಿವಾರ ಅರ್ಧ ಗಂಟೆ ಎಲ್ಲರೂ ಸೇರಿ ರಿಪೇರಿ ಮಾಡಿ. ಅಗ್ಗದ ಪಾರದರ್ಶಕ ಟೇಪ್ ಬೇಡ, ಹಳದಿಯಾಗಿ ಅಂಟು ಬಿಡುತ್ತದೆ. ಮೈದಾ ಅಂಟಂತೂ ಬೇಡವೇ ಬೇಡ, ಜಿರಲೆಗಳು ಬರುತ್ತವೆ. ಬೈಂಡಿಂಗ್ ಅಂಗಡಿಯಲ್ಲಿ ಬಟ್ಟೆಯ ಟೇಪ್ ಕೇಳಿ, ಒಂದು ಸುರುಳಿ ವರ್ಷಕ್ಕೆ ಸಾಕು.